ತುಪ್ಪೆ ಅಂದ್ರೆ ತಿಪ್ಪೆ ಅಲ್ವಾ?

ಬೆಣ್ಣೆದೋಸೆ: ದಾವಣಗೆರೆಯವನು, ಕೆಲಸದ ಮೇಲೆ ಉಡುಪಿಗೆ ಬಂದು ಆರು ತಿಂಗಳಾಯಿತು. ನಿನ್ನೆ ಮನೆ ಓನರ್ ಅಜ್ಜಿ, "ಆಗೆಲ್ಲ ಅಂಗಳದಲ್ಲಿ ಅಷ್ಟೆತ್ತರದ ತುಪ್ಪೆ, ಸಂಜೆ ಅದಕ್ಕೂ ದೀಪ ತೋರಿಸುತ್ತಿದ್ದೆವು" ಅಂದರು. ನನಗೆ ಕೇಳಿಸಿದ್ದು ತಿಪ್ಪೆ! ಸಗಣಿ ಗುಡ್ಡೆಗೆ ಯಾಕಜ್ಜಿ ದೀಪ ಅಂತ ಕೇಳಿಬಿಟ್ಟೆ. ಅವರು ಇನ್ನೂ ನಗುತ್ತಿದ್ದಾರೆ. ಏನದು? ನಮ್ಮ ಕಡೆಯ ಹಗೇವಿನ ಥರಾನಾ?

ಗದ್ದೆಹುಣಿ: ಅಯ್ಯೋ ಮಾರಾಯ್ರೆ! ತುಪ್ಪೆ ಅಂದರೆ ಭತ್ತದ ಕಣಜ, ತುಳು ಮಾತು. ಹಗೇವು ನೆಲದೊಳಗೆ, ಇದು ನೆಲದ ಮೇಲೆ. ನಮ್ಮ ಮಳೆಗೆ ಗುಂಡಿ ತೋಡಿ ಭತ್ತ ಹಾಕಿದರೆ ಮೊಳಕೆ ಬಂದೀತು ಅಷ್ಟೇ. ಅಡಿಗೆ ಬೈಹುಲ್ಲು ಹಾಸಿ, ತೋಳಿನಷ್ಟು ದಪ್ಪ ಹುಲ್ಲಿನ ಹಗ್ಗ ಹೊಸೆದು ಸುತ್ತ ಒಂದು ಸುತ್ತು ಇಡುವುದು, ಒಳಗೆ ಭತ್ತ ಸುರಿಯುವುದು, ಅದರ ಮೇಲೆ ಇನ್ನೊಂದು ಸುತ್ತು, ಮತ್ತೆ ಭತ್ತ, ಹೀಗೇ ಏರಿಸುತ್ತಾ ಹೋಗಿ ಕೊನೆಗೆ ಮೇಲೆ ಹುಲ್ಲಿನ ಟೊಪ್ಪಿ. ಹಗ್ಗ ಸಡಿಲವಾದರೆ ಹೊಟ್ಟೆ ಉಬ್ಬಿ ಒಂದು ಕಡೆ ವಾಲುತ್ತದೆ. ನಮ್ಮಜ್ಜ ಸುತ್ತು ಬರುತ್ತಾ ಕಾಲಲ್ಲಿ ತುಳಿದು ತುಳಿದು ಬಿಗಿ ಮಾಡುತ್ತಿದ್ದರು.

ಬಡಗುತಿಟ್ಟು: ಕುಂದಾಪುರ ಕಡೆ ಇದಕ್ಕೇ ತಿರಿ ಅನ್ನುವುದು. ತಿರಿ ನೋಡಿಯೇ ಆ ಮನೆಯ ಗದ್ದೆ ಎಷ್ಟು ಅಂತ ಅಂದಾಜು ಮಾಡಬಹುದಿತ್ತು. ಗೇಣಿ ಕೊಟ್ಟು ಉಳಿದರೆ ತಾನೇ ಒಕ್ಕಲಿನವರ ಅಂಗಳದಲ್ಲಿ ತಿರಿ! 1974ರ ಭೂಸುಧಾರಣೆ ಆದ ಮೇಲೇ ನಮ್ಮ ಮನೆಯಲ್ಲಿ ಮೊದಲ ಸಲ ಕಟ್ಟಿದ್ದಂತೆ. ಈಗ ಕಟಾವಿನ ಮೆಷಿನ್ನಿಗೆ ಹುಲ್ಲು ತುಂಡು ತುಂಡು, ಹಗ್ಗ ಎಲ್ಲಿಂದ ಹೊಸೆಯುವುದು? ಭತ್ತ ಗದ್ದೆಯಿಂದಲೇ ಮಿಲ್ಲಿಗೆ.

ಗದ್ದೆಹುಣಿ: ಹೌದು. ಅಂದಹಾಗೆ ಮುಡಿ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ಅದು ಅಕ್ಕಿಯನ್ನು ಹುಲ್ಲಲ್ಲಿ ಉಂಡೆಯಾಗಿ ಕಟ್ಟುವುದು. ಅಳತೆಯೂ ಹೌದು: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಉಡುಪಿಯಲ್ಲೇ ಇದ್ದೀರಲ್ಲ, ಪರ್ಯಾಯಕ್ಕೆ ಮೊದಲು ಅಕ್ಕಿ ಮುಹೂರ್ತ ಆಗುವಾಗ ಹೋಗಿ, ಮುಡಿ ನೋಡಲು ಸಿಗುತ್ತದೆ.

ಬೆಣ್ಣೆದೋಸೆ: ಥ್ಯಾಂಕ್ಸ್ ಇಬ್ಬರಿಗೂ. ಅಜ್ಜಿಯನ್ನು ಮತ್ತೆ ಕೇಳಿದೆ, ಅವರದ್ದು 60 ಮುಡಿಯ ತುಪ್ಪೆಯಂತೆ. ಮೊಬೈಲಲ್ಲಿ ಲೆಕ್ಕ ಹಾಕಿ 2520 ಸೇರು ಅಂದೆ. "ಇಲಿ ತಿಂದದ್ದು ಕಳೆದೆಯಾ?" ಅಂದರು.