ಕೆಟ್ಟ ಕಿಡ್ನಿ, ಸಣ್ಣ ಕಣ: ಬ್ಯಾಚ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್

ಪ್ರಸನ್ನ: (ಫಾರ್ವರ್ಡ್) "ದೇಹಕ್ಕೆ ಚುಚ್ಚುವ ನ್ಯಾನೋಕಣಗಳು (ನ್ಯಾನೋಮೀಟರ್ ಲೆಕ್ಕದ ಕಣಗಳು) ಅತಿ ಸಣ್ಣವು. ಕಿಡ್ನಿ ಹಾಳಾದಾಗ ಅದರ ಜರಡಿ ಸಡಿಲವಾಗಿ ಅವು ಮೂತ್ರದಲ್ಲಿ ಇನ್ನೂ ಬೇಗ ಹೊರಬೀಳುತ್ತವೆ. ಕಿಡ್ನಿ ರೋಗಿಗಳಿಗೂ ಪೂರ್ತಿ ಸುರಕ್ಷಿತ."

ವೀಣಾ: ದಯವಿಟ್ಟು ಇದನ್ನ ಯಾರೂ ಮುಂದಕ್ಕೆ ಕಳಿಸಬೇಡಿ. ಜರಡಿಯ ಮಾತು ಅರ್ಧ ನಿಜ, ಕೊನೆ ಸಾಲು ಅಪಾಯಕಾರಿ.

ಪ್ರಸನ್ನ: ಯಾಕೆ ವೀಣಾ? ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ (ಕಿಡ್ನಿಯ ಜರಡಿ ಸೋರುವ ಕಾಯಿಲೆ) ರಕ್ತದ ಪ್ರೋಟೀನ್ ಆದ ಆಲ್ಬುಮಿನ್ನೇ ಸೋರುತ್ತೆ. ಅದರ ವ್ಯಾಸ ಸುಮಾರು 7 ನ್ಯಾನೋಮೀಟರ್. ಅದಕ್ಕಿಂತ ಸಣ್ಣದು ಹೋಗಲ್ವಾ?

ವೀಣಾ: ಹೋಗುತ್ತೆ, ಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಸೋಸುವ ಪ್ರಮಾಣ) ಚೆನ್ನಾಗಿ ಉಳಿದಿದ್ದರೆ. ನಿಮಿಷಕ್ಕೆ 100 ಮಿಲಿಲೀಟರ್ ಸೋಸುತ್ತಿದ್ದ ಕಿಡ್ನಿ 20ಕ್ಕೆ ಇಳಿದರೆ, ಅಡೆತಡೆಯೇ ಇಲ್ಲದೆ ಸೋಸಿಹೋಗುವ ಕಣವೂ ಐದರಲ್ಲಿ ಒಂದು ಪಾಲಿನ ವೇಗದಲ್ಲಷ್ಟೇ ಸೋಸಿಹೋಗೋದು. ಉಳಿದದ್ದು ರಕ್ತದಲ್ಲಿ ಸುತ್ತುತ್ತಾ ಲಿವರ್, ಸ್ಪ್ಲೀನ್ (ಗುಲ್ಮ) ಸೇರುತ್ತೆ.

ಶ್ರೀಧರ: ಇಬ್ಬರೂ ಗ್ಲೋಮೆರುಲಸ್ (ಕಿಡ್ನಿಯ ಜರಡಿ) ಒಂದನ್ನೇ ಹಿಡ್ಕೊಂಡಿದ್ದೀರಿ. ಉದಾಹರಣೆಗೆ, ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಹೊಡೆತ ಮುಖ್ಯವಾಗಿ ಬೀಳೋದು ಪ್ರಾಕ್ಸಿಮಲ್ ಟ್ಯೂಬ್ಯೂಲ್ (ಜರಡಿ ದಾಟಿದ ಮೇಲಿನ ಮೊದಲ ನಾಳ) ಮೇಲೆ. ಅದರ ಬ್ರಷ್ ಬಾರ್ಡರ್ (ಒಳಗೋಡೆಯ ಕೂದಲಿನಂಥ ಅಂಚು) ಉದುರುತ್ತೆ, ಸತ್ತ ಜೀವಕೋಶಗಳು ಮೂತ್ರದ ಪ್ರೋಟೀನ್ ಯುರೊಮಾಡ್ಯುಲಿನ್ ಜೊತೆ ಗಟ್ಟಿಯಾಗಿ ಕಾಸ್ಟ್ (ನಾಳದ ಆಕಾರದ ಗಡ್ಡೆ) ಆಗಿ ನಾಳ ಮುಚ್ಚುತ್ತೆ. ಸೋಸಿ ಬಂದ ಕಣ ಅಲ್ಲೇ ಸಿಕ್ಕಿಕೊಳ್ಳುತ್ತೆ, ಇಲ್ಲಾ ಸೀಳಿದ ಗೋಡೆಯಿಂದ ಇಂಟರ್‌ಸ್ಟಿಷಿಯಮ್‌ಗೆ (ನಾಳಗಳ ನಡುವಿನ ಜಾಗಕ್ಕೆ) ವಾಪಸ್ ಸೋರುತ್ತೆ. ಸೋಸಿತು ಅಂದ್ರೆ ಹೊರಬಿತ್ತು ಅಂತಲ್ಲ.

ಗೀತಾ: ಮೊದಲು "ಅತಿ ಸಣ್ಣ" ಅಂದ್ರೆ ಎಷ್ಟು ಅಂತ ಹೇಳಿ. 2007ರ ಕ್ವಾಂಟಮ್ ಡಾಟ್ (ಹೊಳೆಯುವ ನ್ಯಾನೋಕಣ) ಪ್ರಯೋಗದಲ್ಲಿ ಬೇಗ ಮೂತ್ರಕ್ಕೆ ಬಂದವು ಹೈಡ್ರೊಡೈನಮಿಕ್ ವ್ಯಾಸ (ದ್ರವದಲ್ಲಿ ಲೇಪ ಸಮೇತ ಕಣದ ಗಾತ್ರ) 5.5 ನ್ಯಾನೋಮೀಟರ್ ಒಳಗಿನವು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಕಾಣೋದು ಬರೀ ತಿರುಳು. ಅದು 3 ಇದ್ದರೂ ಲೇಪ, ಮೇಲೆ ಅಂಟುವ ರಕ್ತದ ಪ್ರೋಟೀನ್ ಸೇರಿ 10 ದಾಟಬಹುದು. ಅಳೆಯೋದಾದ್ರೆ ಸೀರಮ್‌ನಲ್ಲಿ (ರಕ್ತದ ತಿಳಿ ದ್ರವ) 37 ಡಿಗ್ರಿಯಲ್ಲಿಟ್ಟು, ಸೈಜ್ ಎಕ್ಸ್‌ಕ್ಲೂಷನ್ ಕಾಲಮ್‌ನಲ್ಲಿ (ಗಾತ್ರದ ಪ್ರಕಾರ ಬೇರ್ಪಡಿಸುವ ಕೊಳವೆ) ಓಡಿಸಿ ನೋಡಬೇಕು. ನೇರ ಡಿಎಲ್‌ಎಸ್‌ಗೆ (ಚದುರಿದ ಬೆಳಕಿನಿಂದ ಗಾತ್ರ ಅಳೆಯುವ ಯಂತ್ರ) ಹಾಕಿದ್ರೆ ಸೀರಮ್ ಪ್ರೋಟೀನೇ ಬೆಳಕು ಚದುರಿಸಿ ಲೆಕ್ಕ ಕೆಡಿಸುತ್ತೆ.

ಗೀತಾ: ಇನ್ನೊಂದು, ಸಣ್ಣದಾದಷ್ಟೂ ವೇಗ ಅನ್ನೋದೂ ತಪ್ಪು. 2017ರ ಚಿನ್ನದ ಗುಚ್ಛಗಳ ಅಧ್ಯಯನದಲ್ಲಿ 25 ಪರಮಾಣುವಿನದಕ್ಕಿಂತ 18, 15ರವು ನಿಧಾನವಾಗಿ ಹೊರಬಂದವು. ಜರಡಿಯ ಮೇಲಿನ ಸಕ್ಕರೆಭರಿತ ಪದರ ಗ್ಲೈಕೋಕ್ಯಾಲಿಕ್ಸ್ ಅವನ್ನ ಹಿಡಿದಿಟ್ಟಿತ್ತು.

ಪ್ರಸನ್ನ: ಫಾರ್ವರ್ಡ್ ಜೊತೆಗಿದ್ದ ಲೇಖನದಲ್ಲಿ ಮೂತ್ರ ಹೊಳೆಯೋ ಫೋಟೋನೇ ಇದೆಯಲ್ಲ.

ಗೀತಾ: ಕಣದಿಂದ ಕಳಚಿಬಂದ ಡೈ ಕೂಡ ಹಾಗೇ ಹೊಳೆಯುತ್ತೆ ಕಣೋ. ಚಿನ್ನದ ಕಣವಾದ್ರೆ 24 ಗಂಟೆಯ ಮೂತ್ರ ಪೂರ್ತಿ ಹಿಡಿದು, ಅಕ್ವಾ ರೀಜಿಯಾದಲ್ಲಿ (ಚಿನ್ನ ಕರಗಿಸುವ ಆಮ್ಲ ಮಿಶ್ರಣ) ಕರಗಿಸಿ, ಐಸಿಪಿ-ಎಂಎಸ್ ಯಂತ್ರದಲ್ಲಿ ಲೋಹ ಎಣಿಸಬೇಕು. ಕಿಡ್ನಿ, ಲಿವರ್ ತುಂಡುಗಳಿಗೂ ಅದೇ. ಚುಚ್ಚಿದ ಡೋಸ್‌ಗೆ ಲೆಕ್ಕ ಕೂಡಿಬರಬೇಕು. ಕಬ್ಬಿಣದ ಕಣಕ್ಕೆ ಈ ದಾರಿ ಕಷ್ಟ, ದೇಹದ ಕಬ್ಬಿಣವೂ ಎಣಿಕೆಗೆ ಬೀಳುತ್ತೆ.

ಶ್ರೀಧರ: ಕಿಡ್ನಿಗೆ ಏಟು ಬಿದ್ದ ಮೊದಲ ದಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ನೋಡಿ ಸಮಾಧಾನ ಪಡೋದೂ ಬೇಡ. ಅದು ತಡವಾಗಿ ಏರುತ್ತೆ, ಏರುತ್ತಿರುವಾಗ ಇಜಿಎಫ್‌ಆರ್ (ಅದರಿಂದ ಅಂದಾಜಿಸಿದ ಜಿಎಫ್‌ಆರ್) ಸೂತ್ರ ನಿಜಕ್ಕಿಂತ ಹೆಚ್ಚು ತೋರಿಸುತ್ತೆ.

ಪ್ರಸನ್ನ: ಹಾಗಾದ್ರೆ ರಕ್ತಹೀನತೆಗೆ ಕೊಡುವ ಕಬ್ಬಿಣದ ಔಷಧಿ ಫೆರುಮಾಕ್ಸಿಟಾಲ್? ಅದೂ ನ್ಯಾನೋಕಣವೇ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2009ರಲ್ಲಿ ಒಪ್ಪಿದ್ದು ಕಿಡ್ನಿ ರೋಗಿಗಳಿಗೇ ಅಲ್ವಾ?

ವೀಣಾ: ಹೌದು, ಆದ್ರೆ ಅದು ನಿನ್ನ ಫಾರ್ವರ್ಡ್‌ಗೆ ಉಲ್ಟಾ ಸಾಕ್ಷಿ. ವ್ಯಾಸ 17ರಿಂದ 31 ನ್ಯಾನೋಮೀಟರ್. ಮೂತ್ರದ ದಾರಿಯನ್ನೇ ನೆಚ್ಚಿಲ್ಲ. ಲಿವರ್, ಸ್ಪ್ಲೀನ್, ಅಸ್ಥಿಮಜ್ಜೆಯ ಮ್ಯಾಕ್ರೋಫೇಜ್‌ಗಳು (ರಕ್ಷಣಾ ಕೋಶಗಳು) ನುಂಗಿ ಕಬ್ಬಿಣ ಬಿಡಿಸಿಕೊಳ್ತವೆ. "ಪೂರ್ತಿ ಸುರಕ್ಷಿತ" ಅಂತೂ ಅಲ್ಲ. ತೀವ್ರ ಅಲರ್ಜಿಯ ಕಾರಣಕ್ಕೆ 2015ರಲ್ಲಿ ಎಫ್‌ಡಿಎ ಬಾಕ್ಸ್ ಎಚ್ಚರಿಕೆ (ಲೇಬಲ್ ಮೇಲಿನ ಅತಿ ಗಂಭೀರ ಎಚ್ಚರಿಕೆ) ಹಾಕಿಸಿತು. 510 ಮಿಲಿಗ್ರಾಂ ಡೋಸನ್ನ ತೆಳು ಮಾಡಿ ಕನಿಷ್ಠ 15 ನಿಮಿಷ ಹನಿಸಬೇಕು, ಆಮೇಲೆ ಕನಿಷ್ಠ 30 ನಿಮಿಷ ರೋಗಿಯ ಮೇಲೆ ಕಣ್ಣಿಟ್ಟಿರಬೇಕು.

ಶ್ರೀಧರ: ಎಂಆರ್‌ಐ ಚೀಟಿಯಲ್ಲಿ ಆ ಔಷಧಿ ಕೊಟ್ಟ ತಾರೀಖು ಬರೀಬೇಕು. 3 ತಿಂಗಳವರೆಗೂ ಚಿತ್ರದ ಸಿಗ್ನಲ್ ಬದಲಾಗಬಹುದು.

ಪ್ರಸನ್ನ: ಸರಿ, ಫಾರ್ವರ್ಡ್ ಡಿಲೀಟ್ ಮಾಡ್ತೀನಿ. ಆದ್ರೆ ಜಿಎಫ್‌ಆರ್ ಚೆನ್ನಾಗಿರೋ ನೆಫ್ರೋಟಿಕ್ ಕೇಸ್‌ನಲ್ಲಿ ಸೋರಿಕೆ ಹೆಚ್ಚುತ್ತೆ ಅನ್ನೋ ಮಾತು ಬಿಡಲ್ಲ.

ವೀಣಾ: ಅದನ್ನ ಬಿಡಬೇಡ, ಅದು ಸರಿ ಇದೆ.