ಪದಚರ್ಚೆ: 13 ತಿಂಗಳಿಗೆ ಸ್ವಂತವಾಗುವ ಬಾಡಿಗೆಗೆ ಏನನ್ನಬೇಕು?

ನಮಸ್ಕಾರ.

ನಾನು ಮೈಸೂರಿನಲ್ಲಿ ಒಂದು ಸಣ್ಣ ಮೆಡಿಕಲ್ ಬಿಲ್ಲಿಂಗ್ ಆಫೀಸು ನಡೆಸುತ್ತೇನೆ. ಅಮೆರಿಕದಲ್ಲಿ ಗಾಲಿಕುರ್ಚಿ, ಆಸ್ಪತ್ರೆ ಮಂಚ, ಆಕ್ಸಿಜನ್ ಯಂತ್ರ ಇಂಥವನ್ನು ರೋಗಿಗಳ ಮನೆಗೆ ಒದಗಿಸುವ ಅಂಗಡಿಗಳಿವೆ. ಅವರ ಪರವಾಗಿ ಮೆಡಿಕೇರ್‌ಗೆ, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಇರುವ ಅಲ್ಲಿನ ಸರ್ಕಾರಿ ವಿಮೆಗೆ, ಕ್ಲೇಮು ಕಳಿಸುವುದು ನಮ್ಮ ಕೆಲಸ. ಈ ಸಾಮಾನುಗಳಿಗೆಲ್ಲ ಅಲ್ಲಿ ಡಿಎಂಇ (ಡ್ಯೂರಬಲ್ ಮೆಡಿಕಲ್ ಎಕ್ವಿಪ್‌ಮೆಂಟ್) ಅನ್ನುತ್ತಾರೆ. ನಾವು ‘ಬಾಳಿಕೆ ಸಾಮಾನು’ ಅಂತೀವಿ. ಕನಿಷ್ಠ 3 ವರ್ಷ ಬಾಳಿಕೆ ಬರಬೇಕು ಅನ್ನೋದು ನಿಯಮದಲ್ಲೇ ಇರುವುದರಿಂದ ಆ ಮಾತು ಚೆನ್ನಾಗಿ ಹೊಂದಿಕೊಂಡಿದೆ. ನನಗೆ ತೊಡಕಾಗಿರುವುದು ‘ಕ್ಯಾಪ್ಡ್ ರೆಂಟಲ್’ (ಇಷ್ಟೇ ತಿಂಗಳು ಅಂತ ಮಿತಿ ಇರುವ ಬಾಡಿಗೆ) ಅನ್ನೋ ಪದ.

ಸಾದಾ ಗಾಲಿಕುರ್ಚಿಯನ್ನೇ ತೊಗೊಳ್ಳಿ. ಮೆಡಿಕೇರ್ ಅದನ್ನು ಒಂದೇ ಸಲ ಕೊಂಡುಕೊಡುವುದಿಲ್ಲ. ತಿಂಗಳು ತಿಂಗಳು ಬಾಡಿಗೆ ಕೊಡುತ್ತದೆ. ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 80 ಮೆಡಿಕೇರ್‌ದು, 20 ರೋಗಿಯದು. ಸತತ 13 ತಿಂಗಳು ಬಾಡಿಗೆ ಸಂದರೆ ಕುರ್ಚಿ ರೋಗಿಗೇ ಸ್ವಂತ. ನಡುವೆ ಬೇಡವಾದರೆ ವಾಪಸ್ ಕೊಟ್ಟರಾಯಿತು, ಮುಂದಿನದು ಯಾರೂ ಕಟ್ಟಬೇಕಾಗಿಲ್ಲ.

ಹೊಸಬರಿಗೆ ಇದನ್ನು ಕನ್ನಡದಲ್ಲೇ ಹೇಳಿಕೊಡುತ್ತೇನೆ. ಮೊದಲು ‘ಕಂತು’ ಅಂತ ಹೇಳಿಕೊಡುತ್ತಿದ್ದೆ. ಒಬ್ಬ ರೋಗಿ ಐದನೇ ತಿಂಗಳಿಗೆ ಚೇತರಿಸಿಕೊಂಡು ಕುರ್ಚಿ ಹಿಂದಿರುಗಿಸಿದರು. ನಮ್ಮ ಹುಡುಗಿ ಫೈಲು ಹಿಡಿದು ಬಂದಳು. “ಮೇಡಂ, ಉಳಿದ ಎಂಟು ಕಂತು ಯಾರ ಹತ್ತಿರ ವಸೂಲಿ ಮಾಡೋದು?” ಅವಳ ತಪ್ಪಲ್ಲ. ಕಂತು ಅಂದಮೇಲೆ ಸಾಲ ಇದೆ ಅಂತ, ಅದು ತೀರಲೇಬೇಕು ಅಂತ ಅರ್ಥ ಅಲ್ವಾ? ಅವತ್ತಿನಿಂದ ‘ಬಾಡಿಗೆ’ ಅಂತ ಬದಲಾಯಿಸಿದೆ. ಆಮೇಲೆ ಇನ್ನೊಬ್ಬ ಹುಡುಗ ಹದಿನಾಲ್ಕನೇ ತಿಂಗಳಿಗೂ ಕ್ಲೇಮು ಸಿದ್ಧಮಾಡಿ ಇಟ್ಟಿದ್ದ. ಬಾಡಿಗೆ ಅಂದರೆ ವಸ್ತು ಇರುವವರೆಗೂ ಕಟ್ಟುತ್ತಲೇ ಇರೋದು, ಹಾಗಂತ ಅವನ ಲೆಕ್ಕ. ಕಳಿಸುವ ಮೊದಲೇ ನೋಡಿದ್ದರಿಂದ ಸರಿಹೋಯಿತು. ಎರಡು ಸಲವೂ ಪದವೇ ದಾರಿ ತಪ್ಪಿಸಿತು.

ದುಡ್ಡಿನ ಲೆಕ್ಕ ನೋಡಿದರೆ ಇನ್ನೂ ಗೊಂದಲ. ಇಂಥ ಕುರ್ಚಿಗೆ ಮೊದಲ ಮೂರು ತಿಂಗಳು ಖರೀದಿ ಬೆಲೆಯ ನೂರಕ್ಕೆ 10ರಂತೆ ಬಾಡಿಗೆ. ನಾಲ್ಕರಿಂದ ಹದಿಮೂರರವರೆಗೆ ಏಳೂವರೆಯಂತೆ. ಕೂಡಿದರೆ 105. ನೂರು ರೂಪಾಯಿ ಸಾಲಕ್ಕೆ ಬಡ್ಡಿ ಸೇರಿಸಿ ಕಟ್ಟಿದ ಹಾಗೇ ಕಾಣುತ್ತದೆ! ಆದರೂ ಕ್ಲೇಮಿನ ಮೇಲೆ ಹಾಕುವ ಗುರುತು ‘ಆರ್‌ಆರ್’, ಅಂದರೆ ಬಾಡಿಗೆ ಅಂತಲೇ.

ನಮ್ಮ ಕಡೆಯ ‘ಭೋಗ್ಯ’ವನ್ನೂ ಯೋಚಿಸಿ ನೋಡಿದೆ. ಅದು ಪೂರ್ತಿ ತಿರುವುಮುರುವು. ಭೋಗ್ಯದಲ್ಲಿ ಅವಧಿ ಮುಗಿದಾಗ ದುಡ್ಡು ನಮಗೆ ವಾಪಸ್, ಮನೆ ಮಾಲೀಕರಿಗೆ. ಇಲ್ಲಿ ದುಡ್ಡು ಹೋಗುತ್ತದೆ, ಸಾಮಾನು ಉಳಿಯುತ್ತದೆ. ವಾಣಿಜ್ಯ ಓದಿದ ಗೆಳತಿ ‘ಬಾಡಿಗೆ ಖರೀದಿ’ ಅಂದಳು. ಹತ್ತಿರ ಬರುತ್ತದೆ. ಆದರೆ ಅಲ್ಲಿ ಕೊಳ್ಳುವ ಮನಸ್ಸು ಮೊದಲ ದಿನವೇ ಇರುತ್ತದೆ. ಸೊಂಟ ಮುರಿದುಕೊಂಡ ಅಜ್ಜಿಗೆ ಕುರ್ಚಿ ಕೊಳ್ಳುವ ಆಸೆ ಎಲ್ಲಿರುತ್ತದೆ? ಬೇಗ ಎದ್ದು ಓಡಾಡಿದರೆ ಸಾಕು ಅಂತ ಅವರಿಗೆ. ಹದಿಮೂರು ತಿಂಗಳಾದರೂ ಏಳಲಾಗಲಿಲ್ಲ ಅಂದಾಗ ಕುರ್ಚಿ ಅವರದಾಗುತ್ತದೆ.

ಇದು ಮೊದಲಿಂದ ಹೀಗೇ ಇರಲಿಲ್ಲ. 2006ಕ್ಕೆ ಮುಂಚೆ, ಹತ್ತನೇ ತಿಂಗಳಲ್ಲಿ ಕೊಳ್ಳುತ್ತೀರಾ ಅಂತ ರೋಗಿಯನ್ನು ಕೇಳುತ್ತಿದ್ದರು. ಬೇಡ ಅಂದರೆ 15 ತಿಂಗಳಿಗೆ ಬಾಡಿಗೆ ನಿಲ್ಲುತ್ತಿತ್ತು, ಸಾಮಾನು ಅಂಗಡಿಯವರದಾಗಿಯೇ ಉಳಿಯುತ್ತಿತ್ತು. ಆಗ ‘ಬಾಡಿಗೆ’ ಒಪ್ಪುತ್ತಿತ್ತು. ಈಗಲೂ ಆಕ್ಸಿಜನ್ ಯಂತ್ರಕ್ಕೆ ಅದೇ ಪದ ಸರಿ. 36 ತಿಂಗಳಿಗೆ ಬಾಡಿಗೆ ನಿಂತರೂ ಯಂತ್ರ ಅಂಗಡಿಯವರದೇ.

‘ತೀರುಬಾಡಿಗೆ’ ಅನ್ನೋಣ ಅಂದುಕೊಂಡೆ. ಸಾಲ ತೀರುವ ಹಾಗೆ ಬಾಡಿಗೆ ತೀರುತ್ತದೆ, ಅರ್ಥ ಸರಿಯಾಗಿಯೇ ಇದೆ. ಆದರೆ ಕಾಯಿಲೆಯವರ ಫೈಲಿನ ಮೇಲೆ ‘ತೀರು’ ಅಂತ ಬರೆಯಲು ಕೈ ಬರಲಿಲ್ಲ. ನಾವು ‘ತೀರಿಕೊಂಡರು’ ಅನ್ನೋದು ಇನ್ನೊಂದಕ್ಕೆ. ‘ಮಿತಿ ಬಾಡಿಗೆ’ ಇಂಗ್ಲಿಷಿನ ನೆರಳು. ಅದರಲ್ಲಿ ಬಾಡಿಗೆ ನಿಲ್ಲೋದು ಮಾತ್ರ ತಿಳಿಯುತ್ತದೆ, ವಸ್ತು ಯಾರದಾಯಿತು ಅಂತ ತಿಳಿಯುವುದಿಲ್ಲ. ಸದ್ಯಕ್ಕೆ ‘ಸ್ವಂತದ ಬಾಡಿಗೆ’ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಹೇಳಿದರೆ ಹೊಸಬರಿಗೆ ಅರ್ಥವಾಗುತ್ತದೆ. ಆದರೆ ಹೇಳದೆ ಓದಿದರೆ ಸ್ವಂತ ಮನೆಯಿಂದ ಬರುವ ಬಾಡಿಗೆ ಅಂತ ಕೇಳಿಸಬಹುದು.

ಉತ್ತರ ಕರ್ನಾಟಕ, ಕರಾವಳಿ, ಮಲೆನಾಡಿನ ಕಡೆಯವರಲ್ಲಿ ಒಂದು ಕೇಳಿಕೆ. ಎತ್ತು, ಗಾಡಿ, ಪಾತ್ರೆ, ಹೊಲಿಗೆ ಯಂತ್ರ, ಯಾವುದೇ ಇರಲಿ, ಇಷ್ಟು ದಿನ ಬಾಡಿಗೆ ಕೊಟ್ಟು ಬಳಸಿದರೆ ಬಳಸಿದವರದೇ ಆಗುವ ರೂಢಿ ನಿಮ್ಮಲ್ಲಿ ಇತ್ತಾ? ಇದ್ದರೆ ಅದಕ್ಕೆ ಏನನ್ನುತ್ತಿದ್ದರು? ಮನೆಯ ಹಿರಿಯರನ್ನು ಒಂದು ಮಾತು ಕೇಳಿ ತಿಳಿಸಿ.