ಪಾಪು ಬಟ್ಟೆ ಎಷ್ಟು ಒಗೆದರೂ ಮೈ ಕೆಂಪಾಗುತ್ತೆ: ಬೋರ್‌ವೆಲ್ ನೀರಿಗೆ ಯಾವ ಸೋಪು?

ಪ್ರಶ್ನೆ:
ಮಗುವಿಗೆ ಮೂರು ತಿಂಗಳು. ಬೆನ್ನು, ಸೊಂಟದಲ್ಲಿ ಲಾಡಿ ತಾಗುವ ಜಾಗ, ತೋಳಿನ ಅಂಚು ಕೆಂಪಾಗಿ ಒರಟಾಗಿದೆ. ಮುಖ ಚೆನ್ನಾಗಿದೆ. ಬಟ್ಟೆ ಒಗೆಯುವ ರೀತಿ ಬದಲಿಸಿ ಅಂತ ಡಾಕ್ಟರು ಹೇಳಿದ್ದಾರೆ. ನಮ್ಮದು ಬೋರ್‌ವೆಲ್ ನೀರು, ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುತ್ತೆ. ಬಾರ್ ಸೋಪು ಹಚ್ಚಿ ಕೈಯಲ್ಲೇ ಒಗೆದು, ಕೊನೇ ನೀರಿಗೆ ಒಂದು ಮುಚ್ಚಳ ಆಂಟಿಸೆಪ್ಟಿಕ್ ಹಾಕ್ತೀವಿ. ಮಕ್ಕಳ ಡಿಟರ್ಜೆಂಟ್ ತಂದರೆ ಸಾಕಾ? ಅತ್ತೆ ಅಂಟುವಾಳ ಹಾಕು ಅಂತಾರೆ.

ಉತ್ತರ 1:
ಬಕೆಟ್ಟಿನ ಆ ಬಿಳಿ ಪದರ ಬಟ್ಟೆಯ ಎಳೆಗಳಲ್ಲೂ ಕೂತಿರುತ್ತೆ ಮೇಡಂ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಗುಟು ಆಗುತ್ತೆ. ಎಷ್ಟು ಜಾಲಿಸಿದರೂ ಹೋಗಲ್ಲ. ಒಣಗಿದ ಲಂಗೋಟಿ ಹಪ್ಪಳದ ಹಾಗೆ ಬಿರುಸಾಗೋದು ಹೆಚ್ಚಾಗಿ ಇದರಿಂದಲೇ. ಅದಕ್ಕೇ ಬೋರ್‌ವೆಲ್ ನೀರಿಗೆ ಬಾರ್ ಸೋಪು ಬಿಡಿ, ವಾಸನೆ-ಬಣ್ಣ ಇಲ್ಲದ ಲಿಕ್ವಿಡ್ ಡಿಟರ್ಜೆಂಟ್ ತನ್ನಿ. ಡಬ್ಬದ ಮೇಲೆ ಮಗುವಿನ ಚಿತ್ರ ಇದೆ ಅಂತ ನಂಬಬೇಡಿ, ಹಿಂದಿನ ಪಟ್ಟಿಯಲ್ಲಿ ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಅಂತ ಇದ್ದರೆ ವಾಪಸ್ ಇಟ್ಟುಬಿಡಿ.

ಹತ್ತು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಎಂ.ಎಲ್. ಸಾಕು. ನೊರೆ ಕಡಿಮೆ ಅಂತ ಇನ್ನಷ್ಟು ಸುರಿಯಬೇಡಿ.

ಎಲ್ಲಕ್ಕಿಂತ ಮುಖ್ಯ, ಜಾಲಿಸುವ ಮುಂಚೆ ಪ್ರತಿ ಸಲವೂ ಹಿಂಡೋದು. ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ 1 ಲೀಟರ್ ಸೋಪಿನ ನೀರು ಉಳಿದಿದೆ ಅನ್ಕೊಳ್ಳಿ. 9 ಲೀಟರ್ ಹೊಸ ನೀರು ಹಾಕಿದರೆ ಸೋಪಿನ ಅಂಶ ಹತ್ತರಲ್ಲಿ ಒಂದಾಗುತ್ತೆ, ಮೂರು ಸಲ ಮಾಡಿದರೆ ಸಾವಿರದಲ್ಲಿ ಒಂದು. ಹಿಂಡದೆ 3 ಲೀಟರ್ ಉಳಿಸಿಕೊಂಡು ಅದೇ ಮೂರು ಸಲ ಜಾಲಿಸಿದರೆ ಅರವತ್ತನಾಲ್ಕರಲ್ಲಿ ಒಂದು ಮಾತ್ರ! ನೀರು ಅಷ್ಟೇ ಖರ್ಚು.

ಪರೀಕ್ಷೆ ಬೇಕಾದರೆ ಒಣಗಿದ ಒಂದು ಲಂಗೋಟಿಯನ್ನು ಬಿಳಿ ಬೋಗುಣಿಯಲ್ಲಿ ಬಿಸಿನೀರಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ನೀರು ಮಬ್ಬಾದರೆ ಅಥವಾ ಅಂಚಿಗೆ ನೊರೆ ಬಂದರೆ ಇನ್ನೂ ಸೋಪಿದೆ ಅಂತಲೇ ಅರ್ಥ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಈಗಾಗಲೇ ಕೂತಿರುವ ಜಿಗುಟಿಗೆ: ಲಿಕ್ವಿಡ್ ಹಾಕಿದ ಬಿಸಿನೀರಲ್ಲಿ ಒಗೆದು ಜಾಲಿಸಿ, 10 ಲೀಟರ್ ನೀರಿಗೆ ಕಾಲು ಕಪ್ ಬಿಳಿ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ, ಮತ್ತೆ ಬರೀ ನೀರಲ್ಲಿ ಎರಡು ಸಲ ಜಾಲಿಸಿ. ವಿನೆಗರ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ.

ಆಂಟಿಸೆಪ್ಟಿಕ್ ಇವತ್ತೇ ನಿಲ್ಲಿಸಿ. ಕೊನೇ ನೀರಿಗೆ ಹಾಕಿದ್ದು ಬಟ್ಟೆಯಲ್ಲೇ ಉಳಿದು ದಿನವಿಡೀ ಮೈಗೆ ತಾಗುತ್ತೆ. ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಫ್ಯಾಬ್ರಿಕ್ ಕಂಡಿಷನರ್ ಕೂಡ ಬೇಡ, ವಾಸನೆಯೂ ಉಳಿಯುತ್ತೆ, ಲಂಗೋಟಿ ನೀರು ಹೀರೋದೂ ಕಮ್ಮಿಯಾಗುತ್ತೆ.

ಅಂಟುವಾಳ ಗಡಸು ನೀರಲ್ಲೂ ಜಿಗುಟು ಕಟ್ಟಲ್ಲ, ಅತ್ತೆಯವರ ಮಾತಲ್ಲಿ ಹುರುಳಿದೆ. ಆದರೆ ಎಣ್ಣೆಸ್ನಾನದ ಎಣ್ಣೆ, ಕಕ್ಕಿದ ಹಾಲು ಅದರಿಂದ ಪೂರ್ತಿ ಬಿಡಲ್ಲ. ಕುದಿಸಿದ ರಸ ಎರಡು ದಿನ ಇಟ್ಟರೆ ಹುಳಿ ಬರುತ್ತೆ, ಆಗಾಗ ಮಾಡ್ಕೋಬೇಕು. ಅದನ್ನೂ ಚೆನ್ನಾಗಿ ಜಾಲಿಸಲೇಬೇಕು.

ಹೇಲಿನ ಕಲೆಯನ್ನು ಮೊದಲು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತೆ. ಉಳಿದ ಹಳದಿ ಬಿಸಿಲಲ್ಲಿ ಮಾಯವಾಗುತ್ತೆ.

ಕೇಳಿದವರು:
ತುಂಬಾ ಥ್ಯಾಂಕ್ಸ್. ತವರಿಂದ ಹಳೇ ಕಾಟನ್ ಸೀರೆ, ಕುಲಾವಿ ಬಂದಿವೆ, ಟ್ರಂಕಲ್ಲಿ ನುಸಿಗುಳಿಗೆ ಹಾಕಿಟ್ಟದ್ದು. ಒಗೆದು ಬಳಸಬಹುದಾ?

ಉತ್ತರ 3:
ದಯವಿಟ್ಟು ಬೇಡ! ನುಸಿಗುಳಿಗೆಯಲ್ಲಿ ನ್ಯಾಫ್ಥಲೀನ್ ಇದ್ದರೆ, ಜಿ6ಪಿಡಿ ಎಂಬ ಎನ್‌ಜೈಮ್ ಕೊರತೆ ಇರುವ ಕೂಸಿಗೆ ಅದರಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಬರುತ್ತೆ. ಕೊರತೆ ಇದೆಯೋ ಇಲ್ಲವೋ ಎಷ್ಟೋ ಮನೆಗಳಲ್ಲಿ ಗೊತ್ತೇ ಇರಲ್ಲ. ಎಣ್ಣೆ ಹಚ್ಚಿದ ಮೈಗೆ ಅದು ಇನ್ನೂ ಸುಲಭವಾಗಿ ಇಳಿಯುತ್ತೆ, ನಮ್ಮಲ್ಲಂತೂ ಎಣ್ಣೆ ಹಚ್ಚಿಯೇ ಸುತ್ತೋದು. ವಾಸನೆ ಇರುವ ಬಟ್ಟೆ ಪಾಪು ಇರುವ ಕೋಣೆಯಲ್ಲೂ ಬೇಡ. ಈಗಾಗಲೇ ಹಾಕಿದ್ದು, ಮೈ ಬಿಳಿಚಿದ್ದರೆ, ಕಣ್ಣು ಹಳದಿಯಾಗಿದ್ದರೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನುಸಿಗುಳಿಗೆ ವಿಷಯ ಡಾಕ್ಟರಿಗೆ ಹೇಳಿ.

ಮಗುವಿನ ಬಟ್ಟೆ ಎತ್ತಿಡೋಕೆ ಪೂರ್ತಿ ಒಣಗಿಸಿ ಮುಚ್ಚಳ ಬಿಗಿಯಾದ ಡಬ್ಬ ಸಾಕು, ಗುಳಿಗೆ ಬೇಕಿಲ್ಲ.